ನಡುಗುವ ಕೈ: ಕಂಪವಾತವನ್ನು ಕುರಿತು ಒಂದು ಪಾಠ

ಶೀಲೋವಿನ ಆಲಯದಲ್ಲಿ ಹನ್ನಳು ಪ್ರಾರ್ಥಿಸುತ್ತಿದ್ದಾಗ ಅವಳ ತುಟಿಗಳು ಅಲ್ಲಾಡಿದವೇ ಹೊರತು ಸ್ವರವು ಕೇಳಿಸಲಿಲ್ಲವೆಂದೂ, ಬಾಗಲ ಬಳಿಯಲ್ಲಿ ಕೂತಿದ್ದ ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆಂದು ಎಣಿಸಿದನೆಂದೂ ನೀವೆಲ್ಲರೂ ಓದಿದ್ದೀರಿ. ಏಲಿಯು ದುಷ್ಟನಲ್ಲ. ಕಣ್ಣಿಗೆ ಕಂಡದ್ದಕ್ಕೆ ತನಗೆ ಗೊತ್ತಿದ್ದ ಅರ್ಥವನ್ನು ಹಚ್ಚಿದನು, ಅಷ್ಟೇ. ಅವಳು ಉತ್ತರ ಕೊಟ್ಟ ಕೂಡಲೇ ತನ್ನ ಮಾತನ್ನು ಬಿಟ್ಟು ಅವಳನ್ನು ಹರಸಿ ಕಳುಹಿಸಿದನು. ನಮ್ಮ ಸಭೆಯೊಂದರಲ್ಲಿ ಅಂಥದೇ ತಪ್ಪು ನಡೆಯಿತು. ಆದರೆ ಅದನ್ನು ತಿದ್ದಿಕೊಳ್ಳುವದಕ್ಕೆ ನಮಗೆ ಎರಡು ವರುಷ ಹಿಡಿಯಿತು. ತಪ್ಪಿದವರಲ್ಲಿ ನಾನೂ ಒಬ್ಬನಾದದರಿಂದ ಈ ತಿಂಗಳಿನ ಪಾಠಕ್ಕೆ ಆ ಸಂಗತಿಯನ್ನೇ ತೆಗೆದುಕೊಂಡಿದ್ದೇನೆ.

ಕೋಲಾರದ ಚಿನ್ನದ ಗಣಿಗಳಲ್ಲಿ ನಂದಿದುರ್ಗವೆಂಬದು ಒಂದು. ಹೆಸರು ಬೆಟ್ಟದ್ದು, ಆದರೆ ಚಿಕ್ಕಬಳ್ಳಾಪುರದ ಕಡೆಯ ಆ ದುರ್ಗಕ್ಕೂ ಈ ಗಣಿಗೂ ಬಹಳ ದೂರ. ಹೊಸಬರು ವಿಳಾಸವನ್ನು ಕೇಳಿ ಮೋಸಹೋಗುವದುಂಟು. ೨೦೦೧ನೆಯ ಇಸವಿ ಫೆಬ್ರವರಿ ೨೮ರಲ್ಲಿ ಗಣಿಗಳನ್ನು ಮುಚ್ಚಿದರು. ಕೆಲಸ ಹೋದರೂ ಅನೇಕ ಕುಟುಂಬಗಳು ಅದೇ ಲೈನುಮನೆಗಳಲ್ಲಿ ಉಳುಕೊಂಡವು. ನಾನು ಹೇಳುವ ಹಿರಿಯರು ಅಂಥ ಒಂದು ಮನೆಯವರು. ಹೆಸರು ಬೇಡ. ಯೌವನದಲ್ಲಿ ಭೂಮಿಯ ಕೆಳಗೆ ಬಂಡೆ ಕೊರೆಯುವ ಡ್ರಿಲ್ಲನ್ನು ಹಿಡಿದವರು. ಆ ಕಾಲದಲ್ಲಿ ಕುಡಿಯುತ್ತಿದ್ದರು. ಅದನ್ನು ಅವರೇ ಮರೆಮಾಡುತ್ತಿರಲಿಲ್ಲ. ಬಿಟ್ಟು ಇಪ್ಪತ್ತು ವರುಷಗಳ ಮೇಲಾಗಿತ್ತು. ಸಭೆಯ ಕಾಣಿಕೆಯ ಲೆಕ್ಕವನ್ನು ಬರೆಯುವ ಕೆಲಸವು ಅವರ ಕೈಯಲ್ಲಿತ್ತು.

ಒಂದು ಭಾನುವಾರ ಪ್ರಾರ್ಥನೆಯ ಹೊತ್ತಿನಲ್ಲಿ ಅವರ ಬಲಗೈ ತೊಡೆಯ ಮೇಲೆ ನಡುಗುತ್ತಿದ್ದದ್ದನ್ನು ಪಕ್ಕದವರು ಕಂಡರು. ಹೆಬ್ಬೆಟ್ಟು ತೋರುಬೆರಳಿನ ಮೇಲೆ, ಹೊಗೆಸೊಪ್ಪನ್ನು ತಿಕ್ಕುವವನ ಹಾಗೆ, ತಾನಾಗಿಯೇ ಉಜ್ಜುತ್ತಿತ್ತು. ವಾರದಿಂದ ವಾರಕ್ಕೆ ಅದು ಹೆಚ್ಚಿತು. ಮಾತು ಹುಟ್ಟುವದಕ್ಕೆ ಇಷ್ಟು ಸಾಕಾಯಿತು. "ಹಳೇ ಚಾಳಿ ಮತ್ತೆ ಹಿಡಿಯಿತು" ಎಂದು ಕೆಲವರು ಅಂದರು. "ಡ್ರಿಲ್ ಹಿಡಿದ ಕೈ ನಡುಗದೆ ಇದ್ದೀತೇ" ಎಂದು ಅವರ ಪಕ್ಷದವರು ಅಂದರು. ಕರ್ತನ ಭೋಜನದ ದಿನ ಅವರು ಪಾತ್ರೆಯನ್ನು ಎತ್ತಿದ ಕೂಡಲೇ ಕೈ ಸ್ಥಿರವಾಯಿತು. ಕೆಳಗಿಟ್ಟು ಕೂತ ಮೇಲೆ ಮತ್ತೆ ನಡುಗಿತು. ಇದನ್ನು ಕಂಡವರೊಬ್ಬರು, "ಬೇಕಾದಾಗ ನಿಲ್ಲುವ ನಡುಕವು ರೋಗವಲ್ಲ, ವೇಷ" ಎಂದು ತೀರ್ಮಾನಿಸಿದರು. ಅವರ ಮುಖದಲ್ಲಿ ನಗೆಯೂ ಇರಲಿಲ್ಲ. ವಂದನೆ ಹೇಳಿದರೆ ಸ್ವರವು ತಗ್ಗಾಗಿ ಬರುತ್ತಿತ್ತು. ಅದನ್ನು ನಾವು ಗರ್ವವೆಂದೆವು. ಕಡೆಗೆ ಸಭಾಕೂಟವು ಲೆಕ್ಕದ ಪುಸ್ತಕವನ್ನು ಅವರಿಂದ ತೆಗೆದುಕೊಂಡಿತು. ಆ ನಿರ್ಣಯವನ್ನು ದಾಖಲೆಯಲ್ಲಿ ಬರೆದವನು ನಾನು.

ಎರಡು ವರುಷಗಳಾದ ಮೇಲೆ ಒಂದು ಮದುವೆಗೆ ಬಂಗಾರಪೇಟೆಯಿಂದ ನರ್ಸಮ್ಮ ಒಬ್ಬಳು ಬಂದಿದ್ದಳು. ಹಿರಿಯರು ಅಂಗಳವನ್ನು ದಾಟುವದನ್ನು ಆಕೆ ನೋಡಿದಳು. ಎಡಗೈ ನಡಿಗೆಗೆ ತಕ್ಕಂತೆ ಬೀಸುತ್ತಿತ್ತು, ಬಲಗೈ ಕಟ್ಟಿದ ಹಾಗೆ ನಿಂತಿತ್ತು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು. "ಇದು ಕುಡಿತವಲ್ಲ, ಇವರನ್ನು ನರಗಳ ಡಾಕ್ಟರಿಗೆ ತೋರಿಸಿದಿರೋ?" ಎಂದು ಕೇಳಿದಳು. ಯಾರೂ ತೋರಿಸಿರಲಿಲ್ಲ.

ಮುಂದಿನ ವಾರ ಅವರ ಮಗನೂ ನಾನೂ ಅವರನ್ನು ಕರಕೊಂಡು ಮಾರಿಕುಪ್ಪದಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ಮುಟ್ಟಿದೆವು. ಡಾಕ್ಟರು ಹೆಬ್ಬೆಟ್ಟಿಗೂ ತೋರುಬೆರಳಿಗೂ ತಟ್ಟಿಸಿದರು, ಮುಷ್ಟಿಯನ್ನು ಮುಚ್ಚಿ ತೆರೆಯಿಸಿದರು, ಮೊಣಕೈಯನ್ನು ಮಡಿಸಿ ಬಿಗಿಯನ್ನು ನೋಡಿದರು, ನಡೆಸಿದರು, ತಿರುಗಿಸಿದರು, ಒಂದು ಸಾಲು ಬರೆಯಿಸಿದರು. ಅನಂತರ ಅವರ ಹೆಂಡತಿಯನ್ನು ಕುರಿತು ಎರಡು ಪ್ರಶ್ನೆ ಕೇಳಿದರು. ಇವರಿಗೆ ವಾಸನೆ ತಿಳಿಯುತ್ತದೋ? ನಿದ್ರೆಯಲ್ಲಿ ಕೂಗಿ ಕೈಕಾಲು ಬಡಿಯುವದುಂಟೋ? ಆ ತಾಯಿಯು ಬೆರಗಾದಳು. ಹಲಸಿನ ಹಣ್ಣು ಮನೆಯಲ್ಲಿದ್ದರೂ ಗಂಡನಿಗೆ ತಿಳಿಯದೆ ಎಷ್ಟೋ ವರುಷವಾಗಿತ್ತು. ರಾತ್ರಿಯಲ್ಲಿ ಕನಸಿನ ಸಂಗಡ ಹೋರಾಡುತ್ತಾ ಅವಳನ್ನೇ ಒದ್ದದ್ದೂ ಉಂಟು. ಇದನ್ನು ಅವಳು ದುರಾತ್ಮದ ಕಾಟವೆಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಡಾಕ್ಟರು ರೋಗದ ಹೆಸರನ್ನು ಹೇಳಿದರು: ಪಾರ್ಕಿನ್ಸನ್ ರೋಗ.

ನಮ್ಮ ದೇಶದ ವೈದ್ಯರು ಇದನ್ನು ಹಿಂದಿನಿಂದಲೂ ಕಂಪವಾತವೆಂದು ಬಲ್ಲರು. ಈಗಿನ ಹೆಸರು ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನಿಂದ ಬಂದದ್ದು. ಆತನು ೧೭೫೫ನೆಯ ಏಪ್ರಿಲ್ ೧೧ರಲ್ಲಿ ಹುಟ್ಟಿದನು. ೧೮೧೭ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು ಆರು ಮಂದಿಯ ಸ್ಥಿತಿಯನ್ನು ವರ್ಣಿಸಿದನು. ಅವರಲ್ಲಿ ಕೆಲವರು ಆತನ ಬಳಿಗೆ ಮದ್ದಿಗೆ ಬಂದವರೇ ಅಲ್ಲ. ಬೀದಿಯಲ್ಲಿ ಹೋಗುವಾಗ ಅವರ ನಡಿಗೆಯನ್ನು ಕಂಡು ನಿಂತು ವಿಚಾರಿಸಿದನು. ನಮ್ಮ ನರ್ಸಮ್ಮನು ಮದುವೆಯ ಅಂಗಳದಲ್ಲಿ ಮಾಡಿದ್ದೂ ಅದನ್ನೇ. ಆತನು ಹುಟ್ಟಿದ ಏಪ್ರಿಲ್ ೧೧ನ್ನು ಈಗ ಲೋಕದಲ್ಲೆಲ್ಲಾ ಈ ರೋಗದ ತಿಳುವಳಿಕೆಯ ದಿನವಾಗಿ ಆಚರಿಸುತ್ತಾರೆ.

ರೋಗವು ಎಲ್ಲಿದೆ ಎಂದರೆ, ಕೈಯಲ್ಲಿ ಅಲ್ಲ, ಮೆದುಳಿನಲ್ಲಿ. ಮೆದುಳಿನ ಒಳಭಾಗದಲ್ಲಿ ಬರಿಗಣ್ಣಿಗೆ ಕಪ್ಪಾಗಿ ಕಾಣುವ ಒಂದು ಸಣ್ಣ ಪಟ್ಟಿ ಉಂಟು. ಅಲ್ಲಿಯ ಜೀವಕಣಗಳು ಡೋಪಮೀನ್ ಎಂಬ ರಸವನ್ನು ಹುಟ್ಟಿಸುತ್ತವೆ. ದೇಹದ ಚಲನೆಗೆ ಅಪ್ಪಣೆಯು ಸರಾಗವಾಗಿ ಹೋಗಬೇಕಾದರೆ ಈ ರಸವು ಬೇಕು. ಗಣಿಯಲ್ಲಿ ಕೆಲಸ ಮಾಡಿದವರಿಗೆ ಇದು ಸುಲಭವಾಗಿ ತಿಳಿಯುವದು. ಕೇಜನ್ನು ಇಳಿಸಿ ಏರಿಸುವ ಯಂತ್ರವು ಬಲವಾಗಿದೆ, ಹಗ್ಗವು ಗಟ್ಟಿಯಾಗಿದೆ, ಡ್ರೈವರನು ಎಚ್ಚರವಾಗಿದ್ದಾನೆ. ಆದರೆ ಕೆಳಗಿನಿಂದ ಬರುವ ಗಂಟೆಯ ಸಪ್ಪಳವು ಕ್ಷೀಣವಾದರೆ ಏನಾಗುವದು? ಹೊರಡಬೇಕಾದಾಗ ಹೊರಡುವದಿಲ್ಲ, ನಿಲ್ಲಬೇಕಾದಲ್ಲಿ ನೆಟ್ಟಗೆ ನಿಲ್ಲುವದಿಲ್ಲ. ಈ ರೋಗಿಯ ಕೈಕಾಲುಗಳಲ್ಲಿ ಬಲವಿದ್ದರೂ ಗಂಟೆಯು ಸರಿಯಾಗಿ ಕೇಳಿಸದು. ಆ ಕಣಗಳು ಯಾಕೆ ಸಾಯುತ್ತವೆಂಬದನ್ನು ವಿದ್ವಾಂಸರು ಇನ್ನೂ ಪೂರ್ತಿಯಾಗಿ ಕಂಡುಹಿಡಿದಿಲ್ಲ. ಹೊರಗೆ ಗುರುತು ಕಾಣುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ನಾಶವಾಗಿರುತ್ತವೆ. ಇದು ಅಂಟುರೋಗವಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬಾರದು. ಹೆಚ್ಚಿನವರಲ್ಲಿ ತಂದೆಯಿಂದ ಮಗನಿಗೆ ಇಳಿಯುವದೂ ಅಲ್ಲ. ಬಹುಮಟ್ಟಿಗೆ ಅರವತ್ತು ವರುಷ ದಾಟಿದವರಿಗೆ ಬರುತ್ತದೆ, ಐವತ್ತರೊಳಗಿನವರಿಗೂ ಬಂದದ್ದುಂಟು. ಡ್ರಿಲ್ಲಿನ ಅದುರಿನಿಂದ ಬೆರಳುಗಳು ಮರಗಟ್ಟುವದು ನಿಜ, ಆದರೆ ಅದು ಬೇರೆ ಕಾಯಿಲೆ. ಗಣಿಯ ಧೂಳು ನಮ್ಮವರ ಎದೆಯನ್ನು ಕೆಡಿಸಿತೆಂಬದೂ ನಿಜ. ಹಾಗೆಂದು ಪ್ರತಿಯೊಂದು ವ್ಯಾಧಿಯನ್ನೂ ಗಣಿಯ ತಲೆಗೆ ಕಟ್ಟಿದರೆ ಮದ್ದಿರುವದಕ್ಕೂ ಮದ್ದು ಹುಡುಕದೆ ಹೋಗುತ್ತೇವೆ.

ಪಾತ್ರೆಯನ್ನು ಹಿಡಿದಾಗ ನಡುಕವು ನಿಂತದ್ದನ್ನು ನಾವು ವೇಷವೆಂದೆವಲ್ಲಾ, ಡಾಕ್ಟರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಕಂಪವಾತದ ನಡುಕವು ಕೈಯು ಸುಮ್ಮನೆ ಇರುವಾಗ ಹೆಚ್ಚು. ಕೆಲಸಕ್ಕೆ ಚಾಚಿದಾಗ ತಗ್ಗುವದು ಅಥವಾ ಕೆಲಹೊತ್ತು ನಿಲ್ಲುವದು. ಮೊದಲು ಒಂದು ಪಕ್ಕದಲ್ಲಿ ಹುಟ್ಟಿ, ವರುಷಗಳ ಮೇಲೆ ಇನ್ನೊಂದು ಪಕ್ಕಕ್ಕೂ ಬರುತ್ತದೆ. ಕುಡುಕನ ನಡುಕವು ಹೀಗಲ್ಲ. ಅವನಿಗೆ ಮದ್ಯ ಸಿಕ್ಕದ ಬೆಳಿಗ್ಗೆ ಎರಡು ಕೈಗಳೂ ನಡುಗುತ್ತವೆ, ಲೋಟವನ್ನು ಎತ್ತಿದರೆ ಚೆಲ್ಲುತ್ತದೆ. ಇನ್ನೊಂದು ಬಗೆಯ ನಡುಕವೂ ಉಂಟು. ಅದು ಕೆಲವು ಕುಟುಂಬಗಳಲ್ಲಿ ತಲೆತಲಾಂತರದಿಂದ ಬರುವಂಥಾದ್ದು, ಕಾಫಿಯ ಲೋಟವನ್ನು ಹಿಡಿದಾಗಲೂ ರುಜು ಹಾಕುವಾಗಲೂ ಹೆಚ್ಚುವದು. ಅದು ಕಂಪವಾತಕ್ಕಿಂತ ಸಾಮಾನ್ಯವಾದದ್ದು, ಅದರ ಮದ್ದು ಬೇರೆ. ಆದದರಿಂದ ಕೈನಡುಗುವ ಪ್ರತಿಯೊಬ್ಬನಿಗೂ ಈ ರೋಗವೆಂದು ನೀವು ಹೆಸರಿಡಬೇಡಿರಿ. ನಾವು ಒಂದು ತಪ್ಪಿನಿಂದ ಬಿಡುಗಡೆಯಾಗಿ ಇನ್ನೊಂದಕ್ಕೆ ಬೀಳಬಾರದು. ಕೆಲವರಿಗೆ ನಡುಕವೇ ಇರುವದಿಲ್ಲ. ಎಲ್ಲಾ ಕೆಲಸಗಳೂ ನಿಧಾನವಾಗುವದು, ಅಂಗಿಯ ಗುಂಡಿ ಹಾಕಲು ಕಾಲು ಗಂಟೆ ಹಿಡಿಯುವದು, ಭುಜವು ಬಿಗಿಯುವದು, ನಡಿಗೆಯಲ್ಲಿ ಹೆಜ್ಜೆಯು ಚಿಕ್ಕದಾಗುವದು, ಮುಖವು ಮುಖವಾಡದಂತಾಗುವದು, ಸ್ವರವು ಇಳಿಯುವದು: ಇವೇ ಮುಖ್ಯ ಗುರುತುಗಳು. ಮಲಬದ್ಧತೆಯೂ ಮನಸ್ಸಿನ ಕುಗ್ಗುವಿಕೆಯೂ ಅನೇಕರಲ್ಲಿ ನಡುಕಕ್ಕೆ ಮುಂಚೆಯೇ ಬಂದಿರುತ್ತವೆ.

ಅಕ್ಷರವು ಚಿಕ್ಕದಾಗುವದೂ ಒಂದು ಗುರುತೆಂದು ಡಾಕ್ಟರು ಹೇಳಿದರು. ನಾನು ಊರಿಗೆ ಬಂದ ರಾತ್ರಿಯೇ ಪೆಟ್ಟಿಗೆಯಿಂದ ಸಭೆಯ ಹಳೇ ಲೆಕ್ಕದ ಪುಸ್ತಕಗಳನ್ನು ತೆಗೆದು ನೋಡಿದೆನು. ಮೊದಲಿನ ಪುಸ್ತಕಗಳಲ್ಲಿ ಅಕ್ಷರಗಳು ಅವರೆಕಾಳಿನಷ್ಟು ದುಂಡಗೆ ಗೆರೆಯನ್ನು ತುಂಬಿಕೊಂಡಿದ್ದವು. ನಡುಕವನ್ನು ನಾವು ಕಾಣುವದಕ್ಕೆ ಮೂರು ವರುಷ ಮುಂಚೆಯೇ ಅವು ಇಳಿಯತೊಡಗಿದ್ದವು. ಒಂದೇ ಸಾಲಿನಲ್ಲಿ ಮೊದಲ ಪದವು ದೊಡ್ಡದು, ಕಡೇ ಪದವು ಸಾಸಿವೆಯಷ್ಟು. ನಾನು ಪ್ರತಿ ತಿಂಗಳೂ ಆ ಪುಟಗಳಿಗೆ ರುಜು ಹಾಕಿದ್ದೆನು. ಮೊತ್ತವನ್ನು ನೋಡಿದೆನೇ ಹೊರತು ಅಕ್ಷರವನ್ನು ನೋಡಿರಲಿಲ್ಲ.

ಈಗ ಮದ್ದಿನ ವಿಷಯ. ನಮ್ಮ ಬೇಲಿಗಳ ಮೇಲೆ ಹಬ್ಬುವ ನಸುಗುನ್ನಿ ಕಾಯಿ ಯಾರಿಗೆ ತಿಳಿಯದು? ಅದರ ರೋಮಗಳನ್ನು ಹುಡುಗರು ಒಬ್ಬರ ಮೇಲೊಬ್ಬರು ಎರಚಿ ತುರಿಸುವಂತೆ ಮಾಡುತ್ತಾರೆ. ಅದರ ಬೀಜದಲ್ಲಿ ಲೆವೊಡೋಪ ಎಂಬ ಸಾರವಿದೆಯೆಂದು ೧೯೩೭ರಲ್ಲಿ ಮದರಾಸಿನ ದಾಮೋದರನ್, ರಾಮಸ್ವಾಮಿ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕಿಸಿ ತೋರಿಸಿದರು. ಇದು ಈ ರೋಗಕ್ಕೆ ಬೇಕಾದದ್ದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ೧೯೫೭ರಲ್ಲಿ ಸ್ವೀಡನ್ ದೇಶದ ಅರ್ವಿದ್ ಕಾರ್ಲ್ಸನ್ ಎಂಬವರು ಮೊಲಗಳಿಗೆ ನಮ್ಮ ಸರ್ಪಗಂಧಿ ಬೇರಿನಿಂದ ತೆಗೆಯುವ ರಿಸರ್ಪಿನ್ ಎಂಬ ಮದ್ದನ್ನು ಕೊಟ್ಟರು. ಮೊಲಗಳು ಕಿವಿ ಇಳಿಬಿಟ್ಟು ಅಲುಗದೆ ಬಿದ್ದವು. ಅನಂತರ ಅವಕ್ಕೆ ಲೆವೊಡೋಪವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ಓಡಾಡಿದವು. ಈ ಶೋಧನೆಗಳಿಗಾಗಿ ಆತನಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನವು ಬಂತು. ೧೯೬೭ರಲ್ಲಿ ಅಮೇರಿಕದ ಜಾರ್ಜ್ ಕಾಟ್ಜಿಯಾಸ್ ಎಂಬ ಡಾಕ್ಟರು ಮನುಷ್ಯರಿಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ ಕೊಟ್ಟು, ವರುಷಗಟ್ಟಲೆ ಹಾಸಿಗೆ ಹಿಡಿದವರನ್ನು ನಡೆಯಿಸಿದರು. ಇಂದಿಗೂ ಈ ರೋಗದ ಮುಖ್ಯ ಔಷಧವು ಲೆವೊಡೋಪವೇ. ಅದು ಮೆದುಳಿಗೆ ಮುಟ್ಟುವ ಮೊದಲೇ ವ್ಯರ್ಥವಾಗದಂತೆ ಕಾರ್ಬಿಡೋಪ ಎಂಬ ಮತ್ತೊಂದು ವಸ್ತುವನ್ನು ಕೂಡಿಸಿ ಮಾತ್ರೆ ಮಾಡುತ್ತಾರೆ.

ಇದನ್ನು ಓದಿ ಯಾರೂ ಬೇಲಿಯ ನಸುಗುನ್ನಿಯನ್ನು ಕುಟ್ಟಿ ತಿನ್ನಬಾರದು. ಬೀಜದಿಂದ ಬೀಜಕ್ಕೆ ಸಾರದ ಪ್ರಮಾಣವು ಬೇರೆ. ಮಾತ್ರೆಯ ಸಂಗಡ ಅದನ್ನೂ ತಿಂದರೆ ಅಳತೆ ಮೀರಿ ವಾಂತಿಯೂ ತಲೆಸುತ್ತೂ ಮನಸ್ಸಿನ ಭ್ರಮೆಯೂ ಬಂದಾವು.

ಮಾತ್ರೆಯು ರೋಗವನ್ನು ಬೇರುಸಹಿತ ಕೀಳುವದಿಲ್ಲ. ಇಲ್ಲದ ರಸವನ್ನು ಹೊರಗಿನಿಂದ ತುಂಬಿಕೊಡುವದು, ಅಷ್ಟು ಮಾತ್ರ. ಇದನ್ನು ತಿಳಿಯದೆ ನಮ್ಮ ಹಿರಿಯರ ಮನೆಯವರು ಮೊದಲನೆಯ ವರುಷ ಒಂದು ದೊಡ್ಡ ತಪ್ಪು ಮಾಡಿದರು. ತಿಂಗಳೆರಡರಲ್ಲಿ ಅವರು ತಾವೇ ಗುಂಡಿ ಹಾಕಿಕೊಂಡು ಗುಡಿಗೆ ಬಂದರು. ಗುಣವಾಯಿತೆಂದು ಸಂತೋಷಪಟ್ಟು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರು. ನಾಲ್ಕು ದಿನದಲ್ಲಿ ಮೈಯು ಮರದ ಹಲಗೆಯಾಯಿತು. ಒಮ್ಮೆಗೇ ನಿಲ್ಲಿಸಿದರೆ ಬಿಗಿತದೊಡನೆ ಜ್ವರವೇರಿ ಪ್ರಾಣಕ್ಕೇ ಅಪಾಯವಾಗುವದುಂಟು. ಇನ್ನೊಂದು ಸಾರಿ ಎದೆಯ ಜ್ವರಕ್ಕಾಗಿ ಒಂದು ಆಸ್ಪತ್ರೆಯಲ್ಲಿ ಇಟ್ಟಿದ್ದಾಗ, ಅಲ್ಲಿಯವರು ಎಲ್ಲಾ ರೋಗಿಗಳಿಗೂ ಕೊಡುವ ಹೊತ್ತಿಗೇ ಈ ಮಾತ್ರೆಯನ್ನೂ ಕೊಟ್ಟರು. ಎಂಟು ಗಂಟೆಯದು ಹತ್ತೂವರೆಗೆ ಬಂತು. ಆ ಎರಡೂವರೆ ತಾಸು ಅವರು ಮಗ್ಗುಲು ತಿರುಗಲಾರದೆ, ನೀರು ಕೇಳಲೂ ಸ್ವರವಿಲ್ಲದೆ ಬಿದ್ದಿದ್ದರು. ಈಗ ಅವರ ಮಗನು ಮಾತ್ರೆಯ ಹೊತ್ತುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟಿದ್ದಾನೆ. ಯಾವ ಆಸ್ಪತ್ರೆಗೆ ಹೋದರೂ ಅದನ್ನು ಮೊದಲು ತೋರಿಸುತ್ತಾನೆ. ನಿಮ್ಮಲ್ಲಿಯೂ ಈ ರೋಗದವರಿದ್ದರೆ ಹಾಗೆಯೇ ಮಾಡಿರಿ.

ಮಾತ್ರೆಯನ್ನು ಊಟಕ್ಕೆ ಅರ್ಧ ತಾಸು ಮುಂಚೆ ಕೊಡುವದು ಒಳ್ಳೇದು. ಯಾಕಂದರೆ ಬೇಳೆ, ಮೊಟ್ಟೆ, ಮಾಂಸ, ಹಾಲು ಇವುಗಳ ಸತ್ವವು ಕರುಳಿನಲ್ಲಿ ಮದ್ದಿನ ಸಂಗಡ ಒಂದೇ ಬಾಗಿಲಿನಲ್ಲಿ ನೂಕಾಡುವದು. ಆ ಪದಾರ್ಥಗಳನ್ನು ಬಿಡಬೇಕೆಂದಲ್ಲ. ಹೊತ್ತನ್ನು ಬೇರೆ ಮಾಡಬೇಕು. ಕಬ್ಬಿಣದ ಗುಳಿಗೆಯನ್ನೂ ಜತೆಗೆ ಕೊಡಬಾರದು. ವಾಂತಿಗೂ ತಲೆಸುತ್ತಿಗೂ ಅಂಗಡಿಯಲ್ಲಿ ಕೇಳಿ ತರುವ ಕೆಲವು ಮಾತ್ರೆಗಳೂ, ಮನೋರೋಗಕ್ಕೆ ಕೊಡುವ ಕೆಲವು ಮದ್ದುಗಳೂ ಈ ರೋಗವನ್ನೇ ಹೋಲುವ ನಡುಕಬಿಗಿತಗಳನ್ನು ಹುಟ್ಟಿಸುತ್ತವೆ. ಅಂಥವರಿಗೆ ಆ ಮದ್ದನ್ನು ಬದಲಾಯಿಸಿದರೇ ಗುಣ ಕಾಣುವದು. ಆದದರಿಂದ ಡಾಕ್ಟರ ಬಳಿಗೆ ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಕಟ್ಟಿಕೊಂಡು ಹೋಗಿರಿ. ಹಲವು ವರುಷಗಳಾದ ಮೇಲೆ ಮಾತ್ರೆಯ ಬಲವು ಬೇಗ ಇಳಿಯುವದು, ಅಥವಾ ಮೈಯು ಬಳ್ಳಿಯಂತೆ ಬಳುಕುವದು. ಆಗ ಅಳತೆಯನ್ನು ತಿದ್ದುತ್ತಾರೆ. ತಕ್ಕವರಿಗೆ ಮೆದುಳಿನೊಳಗೆ ಸಣ್ಣ ತಂತಿಯನ್ನು ಇಟ್ಟು ವಿದ್ಯುತ್ತನ್ನು ಹಾಯಿಸುವ ಚಿಕಿತ್ಸೆಯೂ ಉಂಟು.

ಮನೆಯಲ್ಲಿ ಮಾಡಬೇಕಾದದ್ದು ಬಹಳ. ಮೊದಲು ಊಟ. ನಮ್ಮ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿಯದೆ ನುಂಗುವದೇ ಪದ್ಧತಿ. ಈ ರೋಗದಲ್ಲಿ ನುಂಗುವ ಶಕ್ತಿಯೂ ತಗ್ಗುವದರಿಂದ ದೊಡ್ಡ ತುತ್ತು ಗಂಟಲಲ್ಲಿ ನಿಲ್ಲಬಹುದು, ಅಥವಾ ಉಸಿರಿನ ದಾರಿಗೆ ಇಳಿದು ಎದೆಯ ಜ್ವರವನ್ನು ತರಬಹುದು. ಮುದ್ದೆಯನ್ನು ಮೆತ್ತಗೆ ಮಾಡಿ, ನೆಲ್ಲಿಕಾಯಿಗಿಂತ ಚಿಕ್ಕ ತುತ್ತಾಗಿ, ನೆಟ್ಟಗೆ ಕೂರಿಸಿ, ಒಂದು ತುತ್ತು ಇಳಿದ ಮೇಲೆ ಇನ್ನೊಂದನ್ನು ಕೊಡಬೇಕು. ಅವಸರಪಡಿಸಬಾರದು, ಉಣ್ಣುವಾಗ ಮಾತಾಡಿಸಲೂ ಬಾರದು.

ಎರಡನೆಯದು ಹೊಸ್ತಿಲು. ಲೈನುಮನೆಗಳ ಬಾಗಿಲು ಇಕ್ಕಟ್ಟು. ಅಲ್ಲಿಗೆ ಬಂದ ಕೂಡಲೇ ರೋಗಿಯ ಪಾದಗಳು ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತವೆ. ಹಿಂದಿನಿಂದ ನೂಕಿದರೆ ಬೀಳುತ್ತಾರೆ. ಕೈಹಿಡಿದು ಎಳೆದರೂ ಬೀಳುತ್ತಾರೆ. ಆಶ್ಚರ್ಯವೇನಂದರೆ, ನೆಲದ ಮೇಲೆ ಅಡ್ಡಲಾಗಿ ಸುಣ್ಣದ ಗೆರೆಗಳನ್ನು ಎಳೆದರೆ ಒಂದೊಂದು ಗೆರೆಯನ್ನು ದಾಟುವ ನೆವದಲ್ಲಿ ಕಾಲು ಏಳುವದು. ಎಣಿಕೆಯ ಲಯವೂ ತಾಳವೂ ಸಹಾಯಮಾಡುತ್ತವೆ. ನಮ್ಮ ಹಿರಿಯರು ಹೊಸ್ತಿಲಲ್ಲಿ ನಿಂತುಹೋದಾಗ ಅವರ ಮೊಮ್ಮಗಳು ಕೈತಟ್ಟಿ ಒಂದು ಕೀರ್ತನೆಯನ್ನು ಎತ್ತುತ್ತಾಳೆ. ಎರಡನೆಯ ಸಾಲಿಗೆ ಅವರು ಅಂಗಳದಲ್ಲಿರುತ್ತಾರೆ. ದಿನಾಲು ನಡೆಯುವದೂ, ಕೈಕಾಲುಗಳನ್ನು ನೀಡಿ ಮಡಿಸುವದೂ, ದೊಡ್ಡ ಸ್ವರದಿಂದ ಓದುವದೂ ಮಾತ್ರೆಯಷ್ಟೇ ಅಗತ್ಯವೆಂದು ತಿಳಿಯಿರಿ. "ಪಾಪ, ಕೂತಿರಲಿ" ಎಂದು ಮೂಲೆಯಲ್ಲಿ ಕೂರಿಸುವ ಪ್ರೀತಿಯು ಅವರಿಗೆ ಹಾನಿಯನ್ನೇ ಮಾಡುವದು.

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ ಹೇಳುವದೇನಂದರೆ, ಮೊದಲು ಹತ್ತಿರದ ಸರಕಾರೀ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿರಿ. ೨೦೨೨ರಲ್ಲಿ ಕರ್ನಾಟಕ ಸರಕಾರವೂ ನಿಮ್ಹಾನ್ಸೂ ಕೂಡಿ ಮೆದುಳಿನ ಆರೋಗ್ಯದ ಒಂದು ಕಾರ್ಯಕ್ರಮವನ್ನು ಆರಂಭಿಸಿದಾಗ, ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದಾಗಿತ್ತು. ಅದು ಮುಖ್ಯವಾಗಿ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ರೋಗ ಇವುಗಳಿಗಾಗಿ ಏರ್ಪಟ್ಟದ್ದು. ಆದರೂ ನರರೋಗಗಳನ್ನು ಹಳ್ಳಿಯ ಡಾಕ್ಟರುಗಳು ಗುರುತಿಸಿ ಮೇಲಕ್ಕೆ ಕಳುಹಿಸುವ ದಾರಿಯು ಇದರಿಂದ ತೆರೆಯಿತು. ಮಾತ್ರೆಯನ್ನು ಜನೌಷಧಿ ಅಂಗಡಿಗಳಲ್ಲಿ ಕೇಳಿರಿ, ಬೆಲೆ ಕಡಿಮೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಪಾರ್ಕಿನ್ಸನ್ ರೋಗವನ್ನೂ ಹೆಸರಿಸಿ ಸೇರಿಸಿದ್ದಾರೆ. ಇದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಸರಕಾರೀ ಆಸ್ಪತ್ರೆಯಲ್ಲಿ ಪರೀಕ್ಷಿಸಿ ಕೊಡುವ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವದಕ್ಕೆ ಅಕ್ಷರ ಬಲ್ಲವರು ಸಹಾಯಮಾಡಬೇಕು.

ಬೆಂಗಳೂರಿನಿಂದ ಬಂದ ಮೇಲೆ ಸಭಾಕೂಟವು ತನ್ನ ಹಳೇ ನಿರ್ಣಯವನ್ನು ರದ್ದುಮಾಡಿತು. ಅದನ್ನೂ ನಾನೇ ಬರೆದೆನು. ಆದರೆ ಕಾಗದದ ಕೆಲಸವು ಸಾಲದೆಂದು ತೋಚಿ, ಒಂದು ಸಾಯಂಕಾಲ ಲೈನುಮನೆಗೆ ಹೋಗಿ ಅವರ ಮುಂದೆ ಕೂತು ಕ್ಷಮೆ ಕೇಳಿಕೊಂಡೆನು. ಅವರು ನನ್ನನ್ನು ನೋಡುತ್ತಿದ್ದರು. ರೆಪ್ಪೆಯೂ ಬಡಿಯಲಿಲ್ಲ, ಮುಖದ ಒಂದು ಗೆರೆಯೂ ಅಲುಗಲಿಲ್ಲ. ರೋಗದ ಗುರುತುಗಳನ್ನೆಲ್ಲಾ ಡಾಕ್ಟರ ಬಾಯಿಂದ ಕೇಳಿ ಬಂದ ಮನುಷ್ಯನಾಗಿಯೂ, ಇವರ ಮನಸ್ಸು ಕರಗಲಿಲ್ಲವಲ್ಲಾ ಎಂದು ನಾನು ತಲೆ ತಗ್ಗಿಸಿದೆನು. ಆಗ ಒಲೆಯ ಬಳಿಯಲ್ಲಿದ್ದ ಅವರ ಹೆಂಡತಿಯು, "ಅಯ್ಯನವರೇ, ಅವರು ನಗುತ್ತಾ ಇದ್ದಾರೆ, ನಿಮಗೆ ಕಾಣುವದಿಲ್ಲ" ಅಂದಳು. ಹಿರಿಯರು ಏನೋ ಅಂದರು. ಕಿವಿಯನ್ನು ಹತ್ತಿರ ತಂದು ಕೇಳಿದೆನು. ಲೆಕ್ಕದ ಪುಸ್ತಕವನ್ನು ತಂದಿದ್ದೀರೋ ಎಂದು ಕೇಳುತ್ತಿದ್ದರು.